ಹಳೇ ಎಂಜಿನ್ನಿಗೆ ಹೊಸ ಭಾಗ: ಕೊಳಕೂರ ದಾರಿಯ ಪಾಠ

ಹಿರಿಯರ ಬಾಯಲ್ಲಿ ಇಂದಿಗೂ ಗುಲ್ಬರ್ಗವಾಗಿಯೇ ಉಳಿದಿರುವ ಕಲಬುರಗಿಯಿಂದ ದಕ್ಷಿಣಕ್ಕೆ 50ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಹೊರಡಿ. ಕಟ್ಟಿಸಂಗಾವಿಯ ಸೇತುವೆಯ ಮೇಲೆ ಭೀಮಾ ನದಿಯನ್ನು ದಾಟಿದರೆ ಮುಂದೆ ಜೇವರ್ಗಿ. ಕಲಬುರಗಿಯಿಂದ ಇಲ್ಲಿಗೆ ಸುಮಾರು 40 ಕಿಲೋಮೀಟರ್. ಈ ತಾಲ್ಲೂಕಿನ ಊರುಗಳಲ್ಲೊಂದು ಕೊಳಕೂರ. ಸುತ್ತ ಕಣ್ಣು ಹಾಯಿಸಿದಷ್ಟು ದೂರ ಎರೆ ಭೂಮಿ. ಹಂಗಾಮಿನಲ್ಲಿ ತೊಗರಿ, ಜೋಳ, ಹತ್ತಿ. ಮಳೆ ಬಿದ್ದರೆ ಗಾಲಿ ಕಚ್ಚಿಕೊಳ್ಳುವ ಅಂಟು ಮಣ್ಣು; ಬೇಸಿಗೆ ಬಂದರೆ ಅದೇ ಮಣ್ಣು ಬಿರುಕು ಬಿಟ್ಟು, ಪುಡಿಯಾಗಿ, ಗಾಳಿಗೇರುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಉಷ್ಣತೆ 42 ಡಿಗ್ರಿ ದಾಟುವುದು ಇಲ್ಲಿ ಯಾರಿಗೂ ಸುದ್ದಿಯಲ್ಲ.

ಇಂಥ ದಾರಿಗಳಿಗೆ ಒಂದು ಕಾಲದಲ್ಲಿ ಹೇಳಿ ಮಾಡಿಸಿದಂತಿದ್ದ ಕಾರು ಅಂಬಾಸಿಡರ್. ಮದುವೆಯ ದಿಬ್ಬಣಕ್ಕೆ ಅದೇ, ಸಾಹೇಬರ ತಪಾಸಣೆಗೆ ಅದೇ, ರಾತ್ರೋರಾತ್ರಿ ಬಾಣಂತಿಯನ್ನು ಆಸ್ಪತ್ರೆಗೆ ಸೇರಿಸಲೂ ಅದೇ. ಐದು ಜನರ ಕಾರಿನಲ್ಲಿ ಒಂಬತ್ತು ಜನ ಕುಳಿತರೂ ಅದು ಬೇಸರಪಟ್ಟುಕೊಳ್ಳುತ್ತಿರಲಿಲ್ಲ! ಇಂದು ಅಂಥ ಕಾರು ರಸ್ತೆಯಲ್ಲಿ ಎದುರಾದರೆ ಮಕ್ಕಳು ತಿರುಗಿ ನೋಡುತ್ತಾರೆ. ಅದನ್ನು ಇಟ್ಟುಕೊಂಡವರನ್ನು ಕೇಳಿದರೆ ಮಾತ್ರ ಬೇರೆಯೇ ಕಥೆ ಹೊರಬರುತ್ತದೆ. ಎಂಜಿನ್ ಹಳತಾದದ್ದು ಅವರ ದೂರಲ್ಲ. ಮೊನ್ನೆ ಹಾಕಿಸಿದ ಹೊಸ ಭಾಗ ಇಷ್ಟು ಬೇಗ ಕೈಕೊಟ್ಟಿತಲ್ಲ ಎಂಬುದು ಅವರ ದೂರು.

ನಲವತ್ತು ವರ್ಷ ದುಡಿದ ಭಾಗವನ್ನು ತೆಗೆದು ಹೊಸದನ್ನು ಕೂಡಿಸಿದರೆ ಅದು ನಾಲ್ಕು ತಿಂಗಳೂ ಬಾಳದಿರುವುದು ಏಕೆ?

ಕುಡುಗೋಲಿನ ಹದ

ಉತ್ತರವನ್ನು ಊರಿನ ಕಮ್ಮಾರನ ಕುಲುಮೆಯಲ್ಲೇ ಹುಡುಕಬಹುದು. ಕುಡುಗೋಲನ್ನು ಕಾಯಿಸಿ ಬಡಿದು ಆಕಾರ ಕೊಟ್ಟರೆ ಕೆಲಸ ಮುಗಿಯುವುದಿಲ್ಲ. ಕೊನೆಗೆ ಅದನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿ ಹದ ಕೊಡಬೇಕು. ಹದ ತಪ್ಪಿದ ಕುಡುಗೋಲು ನೋಡಲು ಥೇಟ್ ಕುಡುಗೋಲಿನಂತೆಯೇ ಇರುತ್ತದೆ. ಜೋಳದ ಎರಡು ಸಾಲು ಕೊಯ್ಯುವಷ್ಟರಲ್ಲಿ ಬಾಯಿ ಮಡಚಿಕೊಳ್ಳುತ್ತದೆ. ಎಂಜಿನ್ನಿನ ಬಿಡಿಭಾಗದ ಕಥೆಯೂ ಇಷ್ಟೇ.

ಅಂಬಾಸಿಡರ್‌ನಲ್ಲಿ ಬಹುಕಾಲ ಇದ್ದದ್ದು ಇಂಗ್ಲೆಂಡಿನ ಬಿ.ಎಂ.ಸಿ. ಕಂಪನಿಯ ‘ಬಿ ಸೀರೀಸ್’ ಎಂಬ 1489 ಸಿ.ಸಿ. ಎಂಜಿನ್. ನಾಲ್ಕು ಸಿಲಿಂಡರ್, ಎಂಟು ವಾಲ್ವ್. ಪ್ರತಿ ವಾಲ್ವನ್ನು ತೆರೆಯಲು ಕ್ಯಾಮ್ ಶಾಫ್ಟಿನ ಮೇಲೊಂದು ಉಬ್ಬು ಇದೆ. ಆ ಉಬ್ಬು ಹೆಬ್ಬೆರಳ ಗಾತ್ರದ ‘ಟ್ಯಾಪೆಟ್’ ಎಂಬ ಲೋಹದ ತುಂಡನ್ನು ತಳ್ಳುತ್ತದೆ. ವಿದ್ಯಾರ್ಥಿಗಳು ಇಲ್ಲೊಂದು ಲೆಕ್ಕ ಮಾಡಬಹುದು. ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗಿದರೆ ಕ್ಯಾಮ್ ಶಾಫ್ಟ್ ಅದರ ಅರ್ಧ, ಅಂದರೆ 1000 ಸುತ್ತು ತಿರುಗುತ್ತದೆ. ಕಲಬುರಗಿಯಿಂದ ಜೇವರ್ಗಿಗೆ ಒಂದು ಗಂಟೆ ಹಿಡಿಯಿತೆನ್ನಿ. ಅಷ್ಟರಲ್ಲಿ ಒಂದೊಂದು ಟ್ಯಾಪೆಟ್ಟಿಗೂ 60,000 ಏಟು! ಅದೂ ಬೆರಳುಗುರಿನಷ್ಟು ಜಾಗಕ್ಕೆ, ಬಿಗಿಯಾದ ಸ್ಪ್ರಿಂಗಿನ ಒತ್ತಡದಲ್ಲಿ.

ಈ ಏಟು ತಾಳಬೇಕಾದರೆ ಟ್ಯಾಪೆಟ್ಟಿನ ಮುಖ ಗಾಜಿನಷ್ಟು ಗಡುಸಾಗಿರಬೇಕು. ಕರಗಿದ ಬೀಡುಕಬ್ಬಿಣವನ್ನು ತಣ್ಣನೆಯ ಲೋಹದ ಅಚ್ಚಿಗೆ ತಾಗುವಂತೆ ಎರೆದು ಮುಖವನ್ನು ಥಟ್ಟನೆ ತಣಿಸುವುದು ಒಂದು ವಿಧಾನ. ಉಕ್ಕನ್ನು ಕಾಯಿಸಿ ಹದ ಕೊಡುವುದು ಇನ್ನೊಂದು. ಆ ಮುಖ ಸಪಾಟಾಗಿಯೂ ಇರುವುದಿಲ್ಲ. ಕಣ್ಣಿಗೆ ಕಾಣದಷ್ಟು ಉಬ್ಬಿರುತ್ತದೆ. ಆ ಉಬ್ಬಿನಿಂದಾಗಿ ಟ್ಯಾಪೆಟ್ ಪ್ರತಿ ಏಟಿಗೂ ತುಸು ತಿರುಗುತ್ತ, ಸವೆತವನ್ನು ಮುಖದ ತುಂಬ ಹಂಚಿಕೊಳ್ಳುತ್ತದೆ. ಹದ ಕಡಿಮೆಯಾದರೆ ಅಥವಾ ಉಬ್ಬು ಇಲ್ಲವಾದರೆ ಅದು ತಿರುಗುವುದು ನಿಂತು ಒಂದೇ ಕಡೆ ಏಟು ತಿನ್ನುತ್ತದೆ. ಮೊದಲು ಸಿಡುಬಿನ ಕಲೆಯಂಥ ಗುಳಿಗಳು, ಆಮೇಲೆ ಟಕಟಕ ಸದ್ದು. ಉದುರಿದ ಲೋಹದ ಪುಡಿ ಆಯಿಲ್ ಜೊತೆ ಸೇರಿ ಬೇರಿಂಗುಗಳಿಗೆ ಹರಿಯುತ್ತದೆ. ಹಾಳಾದದ್ದು ಸಣ್ಣ ತುಂಡು; ಬೆಲೆ ತೆರುವುದು ಇಡೀ ಎಂಜಿನ್. ಇದೇ ಬಗೆಯ ಎಂಜಿನ್ ಇರುವ ಹಳೆಯ ಎಂ.ಜಿ. ಕಾರುಗಳನ್ನು ಜತನ ಮಾಡುವ ಇಂಗ್ಲೆಂಡಿನವರಿಗೂ ಮೆತ್ತನೆಯ ಟ್ಯಾಪೆಟ್ಟಿನ ಕಾಟ ತಪ್ಪಿಲ್ಲ.

ಮಾಡುವವರಿಲ್ಲದ ಮಾಲು

ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 1957ರಲ್ಲಿ ಶುರುವಾದ ಅಂಬಾಸಿಡರ್ ತಯಾರಿಕೆ 2014ರ ಮೇ ತಿಂಗಳಲ್ಲಿ ನಿಂತುಹೋಯಿತು. ಮುಂಬಯಿಗೆ ದುಡಿಯಲು ಹೋದ ನಮ್ಮ ಜಿಲ್ಲೆಯ ಜನ ಕಂಡ ಕಪ್ಪು-ಹಳದಿ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳೂ 2023ರ ಅಕ್ಟೋಬರ್ ಕೊನೆಗೆ ಆ ನಗರದ ರಸ್ತೆಗಳಿಂದ ಮರೆಯಾದವು. ನಮ್ಮ ರಾಜ್ಯದ್ದೇ ಉದಾಹರಣೆ ಬೇಕೆಂದರೆ ಮೈಸೂರಿನ ಐಡಿಯಲ್ ಜಾವಾ. 1961ರಲ್ಲಿ ಉದ್ಘಾಟನೆಗೊಂಡು ಜಾವಾ, ಆಮೇಲೆ ಯೆಜ್ಡಿ ಮೋಟಾರ್ ಸೈಕಲ್ಲುಗಳನ್ನು ಕೊಟ್ಟ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಗಾಡಿಗಳು ಉಳಿದವು, ಅವುಗಳ ಭಾಗಗಳನ್ನು ಪರೀಕ್ಷಿಸಿ ಹೊರಬಿಡುತ್ತಿದ್ದ ಕೈ ಉಳಿಯಲಿಲ್ಲ.

ಆಗ ಬರುವವನು ನಕಲುಗಾರ. ಅವನ ಬಳಿ ಮೂಲ ನಕ್ಷೆ ಇರುವುದಿಲ್ಲ. ಯಾರದೋ ಗಾಡಿಯಿಂದ ಬಿಚ್ಚಿದ ಸವೆದ ಭಾಗವನ್ನೇ ಮಾದರಿಯಾಗಿ ಇಟ್ಟುಕೊಂಡು ಅಳೆಯುತ್ತಾನೆ. ಸವೆದದ್ದರ ಅಳತೆಯೇ ಹೊಸದರ ಅಳತೆಯಾಗುತ್ತದೆ! ಮನುಷ್ಯನ ಕೂದಲು ಮಿಲಿಮೀಟರಿನ ನೂರರಲ್ಲಿ ಸುಮಾರು ಏಳು ಪಾಲು ದಪ್ಪ. ಎಂಜಿನ್ನಿನ ಅನೇಕ ಕಡೆ ಅದರ ಅರ್ಧದಷ್ಟು ವ್ಯತ್ಯಾಸವೂ ಹೆಚ್ಚೇ. ಅಳತೆಯನ್ನಾದರೂ ನಕಲು ಮಾಡಬಹುದು. ಯಾವ ಉಕ್ಕು, ಎಷ್ಟು ಕಾವು, ಎಷ್ಟು ಹೊತ್ತು ಎಂಬುದು ಭಾಗವನ್ನು ನೋಡಿದರೆ ತಿಳಿಯುವುದಿಲ್ಲ. ಕೊಳ್ಳುವವರು ಕಡಿಮೆಯಾದ್ದರಿಂದ ಅಗ್ಗಕ್ಕೆ ಮಾರಬೇಕು. ಅಗ್ಗಕ್ಕೆ ಮಾರಬೇಕಾದ್ದರಿಂದ ಮೊದಲು ಬಿಟ್ಟುಹೋಗುವುದು ಕಣ್ಣಿಗೆ ಕಾಣದ ಹದವೇ.

ಬಿಸಿಲಿಗೆ ನಿಲ್ಲುವ ಕಾರು

ಎಲ್ಲ ಭಾಗಗಳೂ ಸದ್ದು ಮಾಡಿ ಹಾಳಾಗುವುದಿಲ್ಲ. ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒಳಗಿನ ಕಂಡೆನ್ಸರ್ ಬೆರಳಷ್ಟು ಗಾತ್ರದ್ದು. ಕಳಪೆಯದು ಬೆಳಿಗ್ಗೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಮಧ್ಯಾಹ್ನದ ಬಿಸಿಲಿಗೆ ಎಂಜಿನ್ನಿನ ಕಾವೂ ಸೇರಿದಾಗ ಸೋಲುತ್ತದೆ, ತಣ್ಣಗಾದ ಮೇಲೆ ಮತ್ತೆ ಚೇತರಿಸಿಕೊಳ್ಳುತ್ತದೆ. ಮಿಸ್ತ್ರಿ ಬಂದು ನೋಡುವ ಹೊತ್ತಿಗೆ ಕಾರು ಏನೂ ಆಗದಂತೆ ಹೊರಟುಬಿಡುತ್ತದೆ! ರೋಟರ್ ಎಂಬ ಪುಟ್ಟ ತುಂಡಿನದೂ ಇದೇ ಬಗೆ. ಅದರ ಕರಿಯ ಪ್ಲಾಸ್ಟಿಕ್ ಕಳಪೆಯಾಗಿದ್ದರೆ ಸಾವಿರಾರು ವೋಲ್ಟಿನ ವಿದ್ಯುತ್ತು ಪ್ಲಗ್ಗಿಗೆ ಹೋಗದೆ ನಡುವೆಯೇ ಸೋರಿ ಶಾಫ್ಟಿಗೆ ಇಳಿಯುತ್ತದೆ. ಸೇತುವೆಯ ನಡುವೆ ವೃದ್ಧರು, ಮಕ್ಕಳನ್ನು ಕೂರಿಸಿಕೊಂಡ ಕಾರು ಹಿಂದಿನ ಲಾರಿಗೆ ಅಡ್ಡವಾಗಿ ನಿಂತರೆ ಅದು ಬರೀ ಖರ್ಚಿನ ಮಾತಲ್ಲ.

ಎರೆ ಮಣ್ಣಿನ ದಾರಿಯಲ್ಲಿ ಗಾಳಿಯ ಫಿಲ್ಟರಿನ ಮೇಲೂ ಕಣ್ಣಿರಬೇಕು. ಧೂಳಿನಲ್ಲಿ ಕಬ್ಬಿಣಕ್ಕಿಂತ ಗಡುಸಾದ ಮರಳ ಕಣಗಳಿರುತ್ತವೆ. ಅಂಚು ಸರಿಯಾಗಿ ಕೂರದ ಅಗ್ಗದ ಫಿಲ್ಟರ್ ಅವನ್ನು ನೇರ ಸಿಲಿಂಡರಿಗೆ ಬಿಡುತ್ತದೆ. ಹೊಸ ಪಿಸ್ಟನ್ ರಿಂಗುಗಳು ಆಮೇಲೆ ಉಪ್ಪುಕಾಗದದಿಂದ ಉಜ್ಜಿದಂತೆ ಸವೆಯುತ್ತವೆ.

ತಪ್ಪೆಲ್ಲ ಭಾಗದ್ದೇ ಅಲ್ಲ

ನ್ಯಾಯವಾಗಿ ಹೇಳಬೇಕೆಂದರೆ ಕಾಲವೂ ಬದಲಾಗಿದೆ. ಹಳೇ ಟ್ಯಾಪೆಟ್ಟುಗಳನ್ನು ಕಾಪಾಡುತ್ತಿದ್ದದ್ದು ಆಯಿಲ್‌ನಲ್ಲಿ ಬೆರೆಸಿದ ಸತು ಮತ್ತು ರಂಜಕದ ಸಂಯುಕ್ತ. ರಂಜಕವು ಹೊಸ ಕಾರುಗಳ ಹೊಗೆ ಶುದ್ಧೀಕರಿಸುವ ಕನ್ವರ್ಟರಿಗೆ ಕೇಡು ಮಾಡುತ್ತದೆಂದು ಇಂದಿನ ಅನೇಕ ಆಯಿಲ್‌ಗಳಲ್ಲಿ ಅದರ ಪ್ರಮಾಣ ತಗ್ಗಿಸಿದ್ದಾರೆ. ಹೊಸ ಕ್ಯಾಮ್ ಮತ್ತು ಟ್ಯಾಪೆಟ್ ಕೂಡಿಸಿದಾಗ ಗಟ್ಟಿ ಗ್ರೀಸ್ ಬಳಿದು, ಚಾಲೂ ಮಾಡಿದ ಕೂಡಲೇ ಇಪ್ಪತ್ತು ನಿಮಿಷ ಸುಮಾರು 2000 ಸುತ್ತಿನಲ್ಲಿ ಓಡಿಸಿ ಪಳಗಿಸಬೇಕು. ಹಾಗೆ ಮಾಡದೆ ಸುಮ್ಮನೆ ಗುರುಗುಟ್ಟಿಸುತ್ತ ಬಿಟ್ಟರೆ ಒಳ್ಳೆಯ ಭಾಗವೂ ಮೊದಲ ದಿನವೇ ಕೆಡಬಹುದು.

ಪೆಟ್ರೋಲಿನದೂ ಒಂದು ಪಾತ್ರವಿದೆ. 2025ರ ಹೊತ್ತಿಗೆ ದೇಶದಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಸಾಮಾನ್ಯವಾಯಿತು. ಹಳೇ ಬಗೆಯ ರಬ್ಬರಿನ ಪೈಪು, ಪಂಪಿನ ಡಯಾಫ್ರಮ್ ಇದರಲ್ಲಿ ಉಬ್ಬಿ ಮೆತ್ತಗಾಗಬಹುದು. ಹೀಗಾಗಿ ಮೂವತ್ತು ವರ್ಷ ಕಪಾಟಿನಲ್ಲಿದ್ದ ‘ಅಸಲಿ’ ರಬ್ಬರ್ ಭಾಗ ಸಿಕ್ಕಿತೆಂದು ಹಿಗ್ಗುವಂತೆಯೂ ಇಲ್ಲ. ಲೋಹದ ಹಳೇ ಮಾಲು ಬಂಗಾರವಾದರೂ ರಬ್ಬರಿನ ಹಳೇ ಮಾಲು ಬರೀ ಹಳತು.

ನೋಡಿ ಬರಬೇಕಾದ ಕಾರುಗಳು

ಶಾಲೆಯ ಪ್ರವಾಸದಲ್ಲಿ ಧರ್ಮಸ್ಥಳಕ್ಕೆ ಹೋಗುವ ಮಕ್ಕಳು ಅಲ್ಲಿನ ಮಂಜೂಷಾ ವಸ್ತು ಸಂಗ್ರಹಾಲಯದ ಹಳೇ ಕಾರುಗಳನ್ನು ತಪ್ಪದೆ ನೋಡಬೇಕು. ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಕಾರುಗಳವು. ಶ್ರೀರಂಗಪಟ್ಟಣದ ಬಳಿ ‘ಪಯಣ’ ಎಂಬ ಇನ್ನೊಂದು ಸಂಗ್ರಹಾಲಯವೂ ಇದೆ. ಹೊಳೆಯುವ ಬಣ್ಣ, ಉದ್ದನೆಯ ಬಾನೆಟ್ಟು ನೋಡಿ ಫೋಟೋ ತೆಗೆಸಿಕೊಂಡ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಬಾನೆಟ್ಟಿನ ಕೆಳಗಿನದೊಂದು ಭಾಗ ಮುರಿದರೆ ಇಂದು ಅದನ್ನು ಯಾರು ಮಾಡಿಕೊಡಬಲ್ಲರು?

ಸಂಗ್ರಹಾಲಯದ ಆಚೆಗೂ ಇದು ಕೇಳಬೇಕಾದ ಪ್ರಶ್ನೆಯೇ. ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿ, ಮೂಲ ರೂಪದಲ್ಲೇ ಇರುವ ಖಾಸಗಿ ಕಾರು, ಮೋಟಾರ್ ಸೈಕಲ್ಲುಗಳಿಗೆ ‘ವಿ.ಎ.’ ಅಕ್ಷರಗಳಿರುವ ಬೇರೆ ನಂಬರು ಸಿಗುತ್ತದೆ. ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಅಂದರೆ 1970ರಲ್ಲಿ ನೋಂದಣಿಯಾದ ಅಜ್ಜನ ಅಂಬಾಸಿಡರ್ ಕೂಡ ವಿಂಟೇಜ್ ಪಂಕ್ತಿಗೆ ಸೇರಬಹುದು. ಆದರೆ ಎಂಜಿನ್ ಕೆಟ್ಟಿತೆಂದು ಬೇರೊಂದು ಎಂಜಿನ್ ಕೂಡಿಸಿದರೆ ಆ ಪಂಕ್ತಿಯಿಂದ ಏಳಬೇಕಾದೀತು. ಕಳಪೆ ಟ್ಯಾಪೆಟ್ಟೊಂದು ಕಾರಿನ ಓಟವನ್ನಷ್ಟೇ ಅಲ್ಲ, ಅದರ ಚರಿತ್ರೆಯನ್ನೂ ಕಸಿಯಬಲ್ಲದು.

ಪರೀಕ್ಷೆ ಮಾಡಿ ಕೊಳ್ಳಿ

ಹಾಗಾದರೆ ದಾರಿಯೇನು? ಕಂಪನಿಯ ಪೆಟ್ಟಿಗೆಯಿಲ್ಲದ ಮಾಲೆಲ್ಲ ಕೆಟ್ಟದ್ದಲ್ಲ, ಚೆಂದದ ಪೆಟ್ಟಿಗೆಯಲ್ಲಿ ಬಂದದ್ದೆಲ್ಲ ಒಳ್ಳೆಯದೂ ಅಲ್ಲ. ಟ್ಯಾಪೆಟ್ಟಿನ ಬದಿಯ ಮೂಲೆಯಲ್ಲಲ್ಲ, ಏಟು ತಿನ್ನುವ ಮುಖದ ಅಂಚಿನಲ್ಲಿ ಅರವನ್ನು ಹಗುರಾಗಿ ಎಳೆದು ನೋಡಿ. ಹದವಾದ ಲೋಹದ ಮೇಲೆ ಅರ ಜಾರುತ್ತದೆ, ಮೆತ್ತನೆಯದನ್ನು ಕಚ್ಚುತ್ತದೆ. ಎಂಜಿನ್ನಿಗೆ ಎಂಟೂ ಬೇಕಾದ್ದರಿಂದ ಹೀಗೆ ಬಲಿಕೊಟ್ಟ ಒಂದರ ಬದಲಿಗೆ ಇನ್ನೊಂದು ಬೇಕಾಗುತ್ತದೆ. ರಬ್ಬರಿನ ಚೂರನ್ನು ಪೆಟ್ರೋಲಿನಲ್ಲಿ ಒಂದು ವಾರ ನೆನೆಸಿಟ್ಟು ಮೊದಲೂ ಕೊನೆಗೂ ಅಳೆಯಿರಿ. ಹೊಸ ಭಾಗವನ್ನು ಹಳೆಯದರ ಪಕ್ಕದಲ್ಲಿಟ್ಟು ಮೈಕ್ರೋಮೀಟರ್ ಹಿಡಿಯಿರಿ. ಬಿಚ್ಚಿದ ಮೂಲ ಭಾಗವನ್ನು ಗುಜರಿಗೆ ಎಸೆಯಬೇಡಿ. ನುರಿತ ಟರ್ನರ್ ಅದನ್ನೇ ಸರಿಪಡಿಸಬಲ್ಲ. ಮತ್ತು ಬಿಲ್ಲು ಕೇಳಿ. ಬಿಲ್ಲಿದ್ದರೆ 2019ರ ಗ್ರಾಹಕರ ರಕ್ಷಣಾ ಕಾಯ್ದೆಯಂತೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಬಿಲ್ಲಿಲ್ಲದಿದ್ದರೆ ದೂರು ನಿಲ್ಲಿಸುವುದೇ ಕಷ್ಟ.

ಕಲಬುರಗಿ ಸೀಮೆಗೆ ಅಸಲಿ ನಕಲಿಯ ಬೆಲೆ ಗೊತ್ತಿಲ್ಲವೆಂದಲ್ಲ. ಬೇರೆ ಬೇಳೆ ಇಲ್ಲಿನ ಹೆಸರಲ್ಲಿ ಮಾರಾಟವಾಗಬಾರದೆಂದೇ ‘ಗುಲ್ಬರ್ಗ ತೊಗರಿ ಬೇಳೆ’ಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಬೇಳೆಯನ್ನಾದರೆ ಬೇಯಿಸಿ ಪರೀಕ್ಷಿಸುವ ಅಮ್ಮಂದಿರು ಮನೆಮನೆಯಲ್ಲೂ ಇದ್ದಾರೆ. ಉಕ್ಕನ್ನು ಪರೀಕ್ಷಿಸುವವರು ಬೇಕಾಗಿದ್ದಾರೆ. ಮಗ ಅಥವಾ ಮಗಳು ಐ.ಟಿ.ಐ.ಗೆ ಸೇರಿ ಫಿಟ್ಟರ್, ಟರ್ನರ್ ಕಲಿಯುತ್ತೇನೆಂದರೆ ತಂದೆತಾಯಿಗಳು ಮುಖ ಸಣ್ಣದು ಮಾಡಿಕೊಳ್ಳಬೇಕಿಲ್ಲ. ಮಿಲಿಮೀಟರಿನ ನೂರನೇ ಪಾಲನ್ನು ಅಳೆದು, ಸರಿಯಿಲ್ಲದ್ದನ್ನು ‘ಇದು ನಡೆಯೋದಿಲ್ಲ’ ಎಂದು ಪಕ್ಕಕ್ಕಿಡುವ ಕೈಗಳು ಸಾಕಷ್ಟಿದ್ದರೆ ಜೇವರ್ಗಿಯ ಧೂಳಿನಲ್ಲೂ ಹಳೇ ಎಂಜಿನ್ನುಗಳು ಇನ್ನೊಂದು ತಲೆಮಾರು ನೆಮ್ಮದಿಯಾಗಿ ಓಡಿಯಾವು.