ನೀರು ಕೇಳಿದ ಹುಡುಗ

"ಸರ್, ಸ್ವಲ್ಪ ನೀರು ಕುಡಿದು ಬರ್ಲಾ?"

ಫುಟ್‌ಬಾಲ್ ಆಟದ ನಡುವೆ ಓಡಿಬಂದ ಒಂಬತ್ತನೇ ತರಗತಿಯ ಹುಡುಗನನ್ನು, "ಈಗ ಕುಡಿದರೆ ಹೊಟ್ಟೆ ಹಿಡಿದುಕೊಳ್ಳುತ್ತದೆ, ಆಟ ಮುಗಿಯಲಿ" ಎಂದು ವಾಪಸು ಕಳಿಸಿದವನು ನಾನೇ. ಕರಾವಳಿಯ ಏಪ್ರಿಲ್ ಬಿಸಿಲು. ಹತ್ತೇ ನಿಮಿಷ, ಹುಡುಗ ತಲೆಸುತ್ತಿ ಬಿದ್ದ. ನೆರಳಿಗೆ ಒಯ್ದು, ಒದ್ದೆ ಬಟ್ಟೆ ಹೊದಿಸಿ ಗಾಳಿ ಬೀಸಿದ ಮೇಲೆ ಚೇತರಿಸಿಕೊಂಡ. ನನಗೆ ಮಾತ್ರ ಅಂದು ರಾತ್ರಿ ನಿದ್ದೆ ಬರಲಿಲ್ಲ.

ಬೆವರು ಆವಿಯಾದರೆ ಮೈ ತಂಪಾಗುತ್ತದೆಂದು ಅದೇ ತರಗತಿಗೆ ಪಾಠ ಹೇಳಿದವನು ನಾನು! ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚು. ಬೆವರು ಸುರಿಯುತ್ತದೆ, ಆರುವುದಿಲ್ಲ. ಮೈಯ ನೀರೂ ಹೋಯಿತು, ತಂಪೂ ಸಿಗಲಿಲ್ಲ. 2014ರ ವಿಶ್ವಕಪ್‌ನಲ್ಲಿ ನೆದರ್ಲೆಂಡ್ಸ್-ಮೆಕ್ಸಿಕೊ ಪಂದ್ಯವನ್ನೇ ಸೆಕೆಯ ಕಾರಣಕ್ಕೆ ನಡುವೆ ನಿಲ್ಲಿಸಿ ಆಟಗಾರರಿಗೆ ನೀರು ಕೊಟ್ಟಿದ್ದರು. ಅವರಿಗೇ ಬೇಕಾದದ್ದು ನಮ್ಮ ಮಕ್ಕಳಿಗೆ ಬೇಡವೇ?

ಈಗ ನಮ್ಮಲ್ಲಿ ಬೇಸಿಗೆಯ ಆಟ ಬೆಳಿಗ್ಗೆಯೇ. 15 ನಿಮಿಷಕ್ಕೊಮ್ಮೆ ಸೀಟಿ. ಬಾಯಾರಿದ ಮೇಲಲ್ಲ, ಮೊದಲೇ ಎಲ್ಲರಿಗೂ ನೀರು. ಮೈ ಸುಡುತ್ತಾ ಮಾತು ತೊದಲಿದರೆ ಕಾಯುವಂತಿಲ್ಲ: ಆಸ್ಪತ್ರೆಗೆ ವಾಹನ ಬರುವವರೆಗೂ ಮೈಗೆ ತಣ್ಣೀರು ಸುರಿಯುತ್ತಿರಬೇಕು.

ಪಾಲಕರೇ, ಬೂಟಿನ ಜೊತೆ ನೀರಿನ ಬಾಟಲಿಯನ್ನೂ ಚೀಲಕ್ಕೆ ಹಾಕಿ. ಮಕ್ಕಳೇ, ಮೇಷ್ಟ್ರು ಬೇಡವೆಂದರೂ ನೀರು ಕೇಳಿ. ಮೇಷ್ಟ್ರೂ ತಪ್ಪುತ್ತಾರೆ.