ಸಮುದ್ರವೆಂದರೆ ಕುರ್ಚಿ

ಬೇಸಿಗೆ ರಜೆಯಲ್ಲಿ ಬೆಂಗಳೂರಿಗೆ ಮಗಳ ಮನೆಗೆ ಹೋಗಿದ್ದಾಗ ಒಂದು ರಾತ್ರಿ ಅವಳ ಜೊತೆ ಕೂತು ಗ್ರೀಸ್ ದೇಶದ ಸಿನಿಮಾವೊಂದನ್ನು ನೋಡಿದೆ. "ಅಮ್ಮ, ಇದು ನಿನಗೆ ಆಗೋದಿಲ್ಲ, ಹೋಗಿ ಮಲಕ್ಕೋ" ಎಂದು ಎರಡು ಸಲ ಹೇಳಿದಳು. ಹಾಗೆ ಹೇಳಿದರೆ ಯಾವ ತಾಯಿ ತಾನೇ ಎದ್ದು ಹೋಗುತ್ತಾಳೆ ಹೇಳಿ! ಇಂಗ್ಲಿಷಿನಲ್ಲಿ ಅದರ ಹೆಸರು 'ಡಾಗ್‌ಟೂತ್', ಅಂದರೆ ಕೋರೆಹಲ್ಲು. ಯೊರ್ಗೊಸ್ ಲಾಂತಿಮೋಸ್ ಎಂಬ ನಿರ್ದೇಶಕರು 2009ರಲ್ಲಿ ತೆಗೆದದ್ದು. ಆ ವರ್ಷವೇ ಕಾನ್ ಚಿತ್ರೋತ್ಸವದಲ್ಲಿ ಬಹುಮಾನ ಪಡೆದು, ಮುಂದೆ ಆಸ್ಕರ್ ಸ್ಪರ್ಧೆಯವರೆಗೂ ಹೋಗಿ ಬಂದ ಚಿತ್ರ.

ಊರಾಚೆ ಒಂದು ದೊಡ್ಡ ಬಂಗಲೆ. ಸುತ್ತ ಎತ್ತರದ ಬೇಲಿ, ಒಳಗೆ ಹುಲ್ಲುಹಾಸು, ಈಜುಕೊಳ. ಅಪ್ಪ, ಅಮ್ಮ, ವಯಸ್ಸಿಗೆ ಬಂದ ಮೂವರು ಮಕ್ಕಳು. ಇಬ್ಬರು ಹೆಣ್ಣು, ಒಂದು ಗಂಡು. ಮಕ್ಕಳಿಗೆ ಹೆಸರೇ ಇಲ್ಲ. ಅವರು ಹುಟ್ಟಿದಾಗಿನಿಂದ ಗೇಟು ದಾಟಿದವರಲ್ಲ. ಕಾರಿನಲ್ಲಿ ಹೊರಗೆ ಹೋಗಿ ಬರುವವನು ಅಪ್ಪ ಒಬ್ಬನೇ. ನೀರಿನ ಬಾಟಲಿ ತಂದರೂ ಅದರ ಮೇಲಿನ ಚೀಟಿ ಕಿತ್ತೇ ಒಳಗೆ ತರುತ್ತಾನೆ. ಕೋರೆಹಲ್ಲು ತಾನಾಗಿ ಉದುರಿದ ದಿನ ನೀವು ಮನೆ ಬಿಟ್ಟು ಹೋಗಬಹುದು ಎಂದು ಮಕ್ಕಳಿಗೆ ಹೇಳಿಟ್ಟಿದ್ದಾನೆ. ದೊಡ್ಡವರ ಕೋರೆಹಲ್ಲು ತಾನಾಗಿ ಉದುರುವುದುಂಟೆ?

ಇಷ್ಟೇ ಆಗಿದ್ದರೆ ಸೆರೆಮನೆಯ ಕಥೆ ಎಂದು ನೋಡಿ ಮರೆಯುತ್ತಿದ್ದೆನೇನೋ. ನನ್ನನ್ನು ಹಿಡಿದು ಕೂರಿಸಿದ್ದು ಸಿನಿಮಾದ ಮೊದಲ ದೃಶ್ಯ. ಟೇಪ್‌ರೆಕಾರ್ಡರಿನಲ್ಲಿ ತಾಯಿಯ ದನಿ ಮಕ್ಕಳಿಗೆ ಆ ದಿನದ ಹೊಸ ಪದಗಳನ್ನು ಕಲಿಸುತ್ತಿದೆ. ಸಮುದ್ರವೆಂದರೆ ಮರದ ಕೈಗಳಿರುವ ತೊಗಲಿನ ಕುರ್ಚಿ. ಹೆದ್ದಾರಿಯೆಂದರೆ ಜೋರಾಗಿ ಬೀಸುವ ಗಾಳಿ. ಪ್ರವಾಸವೆಂದರೆ ನೆಲಕ್ಕೆ ಹಾಸುವ ಗಟ್ಟಿ ಸಾಮಾನು. ಗಮನಿಸಿ, ಇವೆಲ್ಲ ಹೊರಗೆ ಕರೆಯುವ ಮಾತುಗಳು. ಇಂಥದನ್ನು ಅವರ ಕಿವಿಗೆ ಬೀಳದಂತೆ ತಡೆಯುವುದು ಕಷ್ಟ, ಅರ್ಥ ಬದಲಿಸುವುದು ಸುಲಭ. ಟೆಲಿಫೋನನ್ನು ತಾಯಿ ತನ್ನ ಕೋಣೆಯಲ್ಲಿ ಬಚ್ಚಿಟ್ಟಿದ್ದಾಳೆ. ಮಕ್ಕಳಿಗೆ ಟೆಲಿಫೋನ್ ಎಂದರೆ ಊಟದ ಮೇಜಿನ ಮೇಲಿನ ಉಪ್ಪಿನ ಡಬ್ಬಿ. ಮೂವತ್ತು ವರ್ಷ ತರಗತಿಯಲ್ಲಿ ಕರಿಹಲಗೆಯ ಮೇಲೆ ಪದ, ಅರ್ಥ ಎಂದು ಗೀಟು ಎಳೆದು ಬರೆಸಿದವಳು ನಾನು. ಮಾತೃಭಾಷೆ ಎಂಬ ಮಾತಿಗೆ ಇಂಥ ಅರ್ಥವೂ ಬರಬಹುದೆಂದು ಹೊಳೆದಿರಲಿಲ್ಲ.

ಒಂದು ದಿನ ತೋಟಕ್ಕೆ ಬೆಕ್ಕು ನುಗ್ಗುತ್ತದೆ. ಬೆಕ್ಕನ್ನೇ ಕಾಣದ ಮಗ ಹೆದರಿ ಗಿಡ ಕತ್ತರಿಸುವ ಕತ್ತರಿಯಿಂದ ಅದನ್ನು ಕೊಲ್ಲುತ್ತಾನೆ. ಅಪ್ಪ ಆ ಹೆದರಿಕೆಯನ್ನೇ ಬಳಸಿಕೊಳ್ಳುತ್ತಾನೆ. ಬಟ್ಟೆ ಹರಿದುಕೊಂಡು, ಮೈಗೆಲ್ಲ ಕೆಂಪು ಬಳಿದುಕೊಂಡು ಬಂದು, ಬೇಲಿಯಾಚೆ ಇದ್ದ ನಿಮ್ಮ ಅಣ್ಣನನ್ನು ಬೆಕ್ಕು ತಿಂದಿತು ಎನ್ನುತ್ತಾನೆ. ಬೆಕ್ಕು ಬಂದರೆ ಓಡಿಸಲೆಂದು ಮಕ್ಕಳನ್ನು ಮಂಡಿಯೂರಿಸಿ ನಾಯಿಯಂತೆ ಬೊಗಳುವುದನ್ನು ಕಲಿಸುತ್ತಾನೆ. ನನ್ನ ಮಗಳು ನಕ್ಕಳು. ನನಗೂ ನಗು ಬಂತು, ಆದರೆ ತಕ್ಷಣ ಕಾಗೆ ನೆನಪಾಯಿತು.

ನಾನು ಸಣ್ಣವಳಿದ್ದಾಗ ನಮ್ಮಮ್ಮ ತಿಂಗಳಿಗೆ ಮೂರು ದಿನ ಹಿತ್ತಲ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಕೂರುತ್ತಿದ್ದಳು. ಕೇಳಿದರೆ "ಕಾಗೆ ಮುಟ್ಟಿದೆ, ಹತ್ತಿರ ಬರಬೇಡ" ಎನ್ನುತ್ತಿದ್ದಳು. ಅಮ್ಮನನ್ನು ನನ್ನಿಂದ ದೂರ ಮಾಡುವ ಆ ಹಕ್ಕಿಯನ್ನು ಕಂಡರೆ ಕಲ್ಲು ಹುಡುಕುತ್ತಿದ್ದೆ. ನೆಂಟರು ಯಾರೋ ಹೋದಾಗ ಪಿಂಡಕ್ಕೆ ಕಾಗೆಯನ್ನು ಕರೆಯುತ್ತಿದ್ದ ಹಿರಿಯರ ಮಧ್ಯೆ ಕಲ್ಲು ಬೀಸಿ ಪೆಟ್ಟು ತಿಂದದ್ದೂ ಉಂಟು.

ಅಮ್ಮನನ್ನು ದೂರಿ ನಾನು ಪಾರಾಗುವ ಹಾಗಿಲ್ಲ. ಮಗಳು ಐದನೇ ತರಗತಿಯಲ್ಲಿದ್ದಾಗ ಪೇಪರು ಓದುತ್ತಾ "ಅತ್ಯಾಚಾರ ಅಂದ್ರೆ ಏನಮ್ಮ?" ಎಂದಳು. ಒಗ್ಗರಣೆ ಹಾಕುತ್ತಿದ್ದವಳು ತಿರುಗದೆ "ಹೊಡೆಯೋದು ಕಣೆ" ಎಂದುಬಿಟ್ಟೆ. ಹತ್ತು ದಿನ ಕಳೆದಿರಬೇಕು, ಸಂಜೆ ಪಕ್ಕದ ಮನೆಯಾಕೆ ಬಿಳಿಚಿಕೊಂಡು ಬಂದರು. ಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು ತನ್ನ ಮೇಲೆ ಅತ್ಯಾಚಾರ ಮಾಡಿದರೆಂದು ಮಗು ಅವರ ಬಳಿ ಹೇಳಿತ್ತು. ನನ್ನ ಕೈಕಾಲು ತಣ್ಣಗಾದವು. ಒಳಗೆ ಕರೆದುಕೊಂಡು ಹೋಗಿ ಕೇಳಿದರೆ ಅಂಗೈ ತೋರಿಸಿದಳು. ಸ್ಕೇಲಿನ ಏಟು. ಉಸಿರು ಬಂತು. ಆಮೇಲಾದರೂ ಸರಿಯಾದ ಅರ್ಥ ಹೇಳಿದೆನೇ? ಇಲ್ಲ. "ಆ ಮಾತು ಇನ್ನು ಬಾಯಲ್ಲಿ ಬರಕೂಡದು" ಎಂದು ಗದರಿದೆ. ಅವಳಿಗೆ ನಿಜವಾಗಿ ಹೇಳಿಕೊಳ್ಳಬೇಕಾದ ಸಂಗತಿ ಏನಾದರೂ ನಡೆದಿದ್ದರೆ ಯಾವ ಪದ ಹಿಡಿದು ನನ್ನ ಬಳಿ ಬರುತ್ತಿದ್ದಳು? ಆ ರಾತ್ರಿ ಪರದೆಯ ಮುಂದೆ ಕೂತಾಗ ಮೊದಲ ಸಲ ಈ ಪ್ರಶ್ನೆ ಬಂತು.

ಅದಕ್ಕೂ ಕಾರಣವಿದೆ. ಮಗನ ದೇಹದ ಬಯಕೆಗೆಂದು ಅಪ್ಪ ತನ್ನ ಕಾರ್ಖಾನೆಯ ಕಾವಲಿನ ಹೆಂಗಸನ್ನು ಕಣ್ಣಿಗೆ ಬಟ್ಟೆ ಕಟ್ಟಿ, ದುಡ್ಡು ಕೊಟ್ಟು ಕರೆತರುತ್ತಿರುತ್ತಾನೆ. ಇಡೀ ಚಿತ್ರದಲ್ಲಿ ಹೆಸರಿರುವುದು ಅವಳೊಬ್ಬಳಿಗೆ, ಕ್ರಿಸ್ಟಿನಾ. ಅವಳಿಂದ ಹಿರಿಯ ಮಗಳಿಗೆ ಸಿನಿಮಾ ವಿಡಿಯೋ ಕ್ಯಾಸೆಟ್ಟುಗಳು ಸಿಗುತ್ತವೆ. ಗೊತ್ತಾದಾಗ ಅಪ್ಪ ಕ್ಯಾಸೆಟ್ಟನ್ನು ಕೈಗೆ ಕಟ್ಟಿಕೊಂಡು ಅದರಿಂದಲೇ ಮಗಳ ತಲೆಗೆ ಹೊಡೆಯುತ್ತಾನೆ. ಇನ್ನು ಹೊರಗಿನವರ ಸಹವಾಸ ಬೇಡವೆಂದು ಗಂಡಹೆಂಡತಿ ತೀರ್ಮಾನಿಸುತ್ತಾರೆ. ಮುಂದಿನದನ್ನು ಬರೆಯಲೋ ಬೇಡವೋ ಎಂದು ಪೆನ್ನು ಹಿಡಿದು ಬಹಳ ಹೊತ್ತು ಕೂತೆ. ಬರೆಯದಿದ್ದರೆ ಮತ್ತೆ ಒಗ್ಗರಣೆ ಕಡೆ ತಿರುಗಿದ ಹಾಗೆ. ಹಿರಿಯ ಮಗಳನ್ನು ಒಡಹುಟ್ಟಿದವನ ಹಾಸಿಗೆಗೇ ಕಳಿಸುತ್ತಾರೆ. ಅದಕ್ಕೊಂದು ಹೆಸರಿದೆ ಎಂಬುದೇ ಆ ಹುಡುಗಿಗೆ ಗೊತ್ತಿಲ್ಲ. ನನ್ನ ಪಕ್ಕದಲ್ಲಿ ಮಗಳು ಕಾಲು ಮಡಚಿ ಕೂತಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆ ತಂದೆಯನ್ನು ದ್ವೇಷಿಸುವುದು ಸುಲಭ. ತಾಯಿಯೇ ನನಗೆ ಇನ್ನೂ ಬಿಡಿಸಲಾಗದ ಒಗಟು. ಅವಳಿಗೆ ಸಮುದ್ರವೆಂದರೆ ಏನೆಂದು ಗೊತ್ತು. ಫೋನಿದೆ, ಕೂಗಬಹುದು. ಅವಳು ಅದರಲ್ಲಿ ಮಾತಾಡುವುದು ಗಂಡನ ಜೊತೆ.

ಕೊನೆಗೆ ಹಿರಿಯ ಮಗಳು ಒಂದು ರಾತ್ರಿ ಕನ್ನಡಿಯ ಮುಂದೆ ನಿಂತು, ವ್ಯಾಯಾಮದ ಕಬ್ಬಿಣದ ಗುಂಡಿನಿಂದ ತನ್ನ ಕೋರೆಹಲ್ಲನ್ನು ತಾನೇ ಜಜ್ಜಿ ಉದುರಿಸುತ್ತಾಳೆ. ನಾನು ಕಣ್ಣು ಮುಚ್ಚಿಕೊಂಡೆ. ನೋಡಿ, ಅಪ್ಪನ ಸುಳ್ಳನ್ನು ಅವಳು ಬಿಟ್ಟಿಲ್ಲ, ನಂಬಿಯೇ ಬಿಡುಗಡೆ ಹುಡುಕುತ್ತಾಳೆ. ರಕ್ತ ಸುರಿಸುತ್ತಾ ಹೋಗಿ ಅಪ್ಪನ ಕಾರಿನ ಡಿಕ್ಕಿಯಲ್ಲಿ ಅಡಗಿಕೊಳ್ಳುತ್ತಾಳೆ. ಮಾರನೆಯ ದಿನ ಅಪ್ಪ ಕಾರು ತೆಗೆದುಕೊಂಡು ಕಾರ್ಖಾನೆಗೆ ಹೋಗುತ್ತಾನೆ. ಕಾರು ನಿಲ್ಲುತ್ತದೆ. ಮುಚ್ಚಿದ ಡಿಕ್ಕಿಯನ್ನು ತೋರಿಸುತ್ತಲೇ ಚಿತ್ರ ಮುಗಿದುಹೋಗುತ್ತದೆ.

ಹೆಸರುಗಳು ಓಡತೊಡಗಿದರೂ ನಾವಿಬ್ಬರೂ ಏಳಲಿಲ್ಲ. "ಡಿಕ್ಕೀನ ಒಳಗಿಂದ ತೆಗೆಯೋಕೆ ಬರುತ್ತೇನೇ?" ಎಂದೆ.

"ಕೆಲವು ಕಾರಲ್ಲಿ ಬರುತ್ತಮ್ಮ" ಎಂದಳು. ಸ್ವಲ್ಪ ತಡೆದು, "ಆದ್ರೆ ಅವಳಿಗೆ ಯಾರು ಹೇಳಿಕೊಟ್ಟಿರ್ತಾರೆ?" ಎಂದಳು.