ರಬ್ಬರಿನ ಕಡೆಗೀಲು

ಎತ್ತು ಕೊಳ್ಳುವುದೇ ಒಂದು ವಿದ್ಯೆಯಾಗಿದ್ದ ಕಾಲವಿತ್ತು. ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಯ ದನಗಳ ಜಾತ್ರೆಗೆ ಹೋದ ರೈತನು ಹಳ್ಳಿಕಾರ್ ಎತ್ತಿನ ಬಾಯಿ ಬಿಡಿಸಿ ಹಲ್ಲೆಣಿಸುತ್ತಿದ್ದನು, ಸುಳಿ ನೋಡುತ್ತಿದ್ದನು, ನಾಲ್ಕು ಹೆಜ್ಜೆ ನಡೆಸಿ ಗೊರಸಿನ ಊರುವಿಕೆಯನ್ನು ಪರೀಕ್ಷಿಸುತ್ತಿದ್ದನು. ಈಗ ಎಳೆಯುವ ಕೆಲಸ ಬಹುಮಟ್ಟಿಗೆ ಟ್ರ್ಯಾಕ್ಟರಿನ ಪಾಲಿಗೆ ಬಂದಿದೆ. ಆದರೆ ವಿದ್ಯೆ ಮುಗಿದಿಲ್ಲ. ಹಲ್ಲು ನೋಡುವ ವಿದ್ಯೆ ಟೈರು ನೋಡುವ ವಿದ್ಯೆಯಾಗಿ ಮಾರ್ಪಟ್ಟಿದೆ, ಅಷ್ಟೆ.

ನವಿಲುಗಳಿಗೆ ಹೆಸರಾದ ಆದಿಚುಂಚನಗಿರಿಯ ಸುತ್ತಣ ಹಳ್ಳಿಗಳಲ್ಲಿ ಒಂದೇ ಟ್ರ್ಯಾಕ್ಟರು ಎರಡು ಸಂಸಾರಗಳನ್ನು ತೂಗಿಸಬೇಕಾಗುತ್ತದೆ. ನಾಗಮಂಗಲದ ಕಡೆಯದು ಹೆಚ್ಚಾಗಿ ಮಳೆ ನಂಬಿದ ನೆಲ; ರಾಗಿ, ಹುರುಳಿ, ತೆಂಗುಗಳ ಸೀಮೆ. ಮುಂಗಾರು ಬಿದ್ದಾಗ ಹೊಲ ಉಳಬೇಕು. ಉಳುಮೆ ಮುಗಿದ ಮೇಲೆ ಯಂತ್ರವನ್ನು ಸುಮ್ಮನೆ ನಿಲ್ಲಿಸಿದರೆ ಸಾಲದ ಕಂತು ನಿಲ್ಲುವುದಿಲ್ಲ. ಆದ್ದರಿಂದ ಅದು ಟ್ರೇಲರನ್ನು ಬೆನ್ನಿಗೆ ಕಟ್ಟಿಕೊಂಡು ಪಾಂಡವಪುರ, ಶ್ರೀರಂಗಪಟ್ಟಣಗಳ ನಾಲೆಯ ಬಯಲಿಗೆ ಇಳಿಯುತ್ತದೆ. ಕಬ್ಬು ಹೇರಿಕೊಂಡು ಕಾರ್ಖಾನೆಗೋ ಆಲೆಮನೆಗೋ ಸಾಗುತ್ತದೆ.

ಹೀಗೆ ಎರಡೂ ಕಡೆ ದುಡಿದು ಟೈರು ಸವೆದಾಗ ರೈತನು ಪೇಟೆಯ ಅಂಗಡಿಗೆ ಬರುತ್ತಾನೆ. ಬೆಲೆ ಕೇಳುವುದಕ್ಕೆ ಮೊದಲೇ ಅನುಭವಸ್ಥನಾದ ಅಂಗಡಿಯವನು ಅವನಿಗೊಂದು ಪ್ರಶ್ನೆ ಹಾಕುತ್ತಾನೆ:

"ಗೌಡ್ರೇ, ವರ್ಸದಲ್ಲಿ ಉಳೋದು ಜಾಸ್ತಿನೋ, ಎಳೆಯೋದು ಜಾಸ್ತಿನೋ?"

"ಎಲ್ಡೂವೆ ಕಣಪ್ಪ."

"ಎಲ್ಡೂ ಅಂದ್ರೆ ಆಗಾಕಿಲ್ಲ. ಒಂದ ಹೇಳಿ."

ಈ ಒತ್ತಾಯದಲ್ಲಿ ವ್ಯಾಪಾರದ ಜಾಣತನಕ್ಕಿಂತ ವಸ್ತುವಿನ ಧರ್ಮವೇ ಹೆಚ್ಚಾಗಿದೆ. ಟ್ರ್ಯಾಕ್ಟರಿನ ಹಿಂದಿನ ಟೈರಿನಲ್ಲಿ ಎರಡು ಜಾತಿ. ಹೊಲಕ್ಕೆ ಹೇಳಿಸಿದ ಟೈರಿನ ಹಲ್ಲುಗಳು ಎತ್ತರ, ನಡುವಣ ಸಂದುಗಳು ಅಗಲ. ಅವು ಹಸಿಮಣ್ಣನ್ನು ಕಚ್ಚಿ ಹಿಡಿಯುತ್ತವೆ, ಮೆತ್ತಿದ ಕೆಸರನ್ನು ತಾವೇ ಕೊಡವಿಕೊಳ್ಳುತ್ತವೆ. ಅದೇ ಟೈರು ಡಾಂಬರು ರಸ್ತೆಗೆ ಬಂದರೆ ನೆಲ ಮುಟ್ಟುವುದು ಹಲ್ಲಿನ ತುದಿ ಮಾತ್ರ. ಬಿಸಿಲಿಗೆ ಕಾದ ಡಾಂಬರು ಆ ತುದಿಗಳನ್ನು ಬೇಗನೆ ತಿಂದುಹಾಕುತ್ತದೆ. ಸಾಗಾಣಿಕೆಗೆ ಹೇಳಿಸಿದ ಟೈರಿನ ಹಲ್ಲು ಗಿಡ್ಡ, ಅಗಲ, ಒತ್ತೊತ್ತು. ರಸ್ತೆಯ ಮೇಲೆ ಅದಕ್ಕೆ ಆಯಸ್ಸೂ ಹೆಚ್ಚು, ಹಿಡಿತವೂ ಹೆಚ್ಚು. ಕೆಸರಿಗಿಳಿದರೆ ಮಾತ್ರ ನಿಂತಲ್ಲೇ ತಿರುಗುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬ ಗಾದೆ ಒಂದೇ ಗಾಲಿಯೊಳಗೆ ನಿಜವಾದಂತಾಯಿತು. ಎರಡನ್ನೂ ಬಲ್ಲೆನೆನ್ನುವ ನಡುವಿನ ಜಾತಿಯೂ ಉಂಟು; ಆದರೆ ವರ್ಷದ ಮುಕ್ಕಾಲು ಪಾಲು ಯಾವ ಕೆಲಸವೋ ಅದಕ್ಕೆ ತಕ್ಕುದನ್ನು ಕೊಳ್ಳುವುದೇ ವಿವೇಕ.

ಜಾತಿ ತೀರ್ಮಾನವಾದ ಮೇಲೆ ಗುಣದ ಪರೀಕ್ಷೆ. 13.6-28 ಎಂದು ಬರೆದಿದ್ದರೆ ಟೈರಿನ ಅಗಲ 13.6 ಅಂಗುಲ, ಅದು ಕೂರುವ ಉಕ್ಕಿನ ಬಳೆಯ ಅಡ್ಡಳತೆ 28 ಅಂಗುಲ. ಪಕ್ಕೆಯ ಮೇಲೆ ನಾಲ್ಕು ಅಂಕಿಗಳ ಇನ್ನೊಂದು ಗುರುತಿರುತ್ತದೆ. 3224 ಎಂದಿದ್ದರೆ ಅದು 2024ನೆಯ ವರ್ಷದ 32ನೆಯ ವಾರದಲ್ಲಿ ಹುಟ್ಟಿದ ಟೈರು. ಎತ್ತಿನ ವಯಸ್ಸು ಹಲ್ಲಿನಲ್ಲಿ, ಟೈರಿನ ವಯಸ್ಸು ಪಕ್ಕೆಯಲ್ಲಿ. ಅಂಗಡಿಯ ಮೂಲೆಯಲ್ಲಿ ಕುಳಿತೇ ರಬ್ಬರು ಮುಪ್ಪಾಗುವುದುಂಟು. ಹೊಳಪು ನೋಡಿ ಮೋಸಹೋಗಬಾರದು. ಕೊಳ್ಳುವಾಗ ಜೋಡಿಯಾಗಿಯೇ ಕೊಳ್ಳಬೇಕು. ಒಂದು ಹೊಸತು, ಒಂದು ಸವೆದದ್ದು ಆದರೆ ಎತ್ತರ ಹೆಚ್ಚುಕಡಿಮೆಯಾಗಿ ಯಂತ್ರ ಒಂದು ಕಡೆಗೆ ವಾಲುತ್ತದೆ. ಒಂದು ಎತ್ತು ಕುಂಟಿದರೆ ನೊಗವೇ ವಾರೆಯಾಗುವುದಿಲ್ಲವೇ?

ಇಷ್ಟೆಲ್ಲ ಎಚ್ಚರ ವಹಿಸಿದ ರೈತನೇ ಟ್ರೇಲರಿನ ವಿಷಯ ಬಂದಾಗ ಮತ್ತೊಬ್ಬ ಮನುಷ್ಯನಾಗಿಬಿಡುತ್ತಾನೆ. ಟ್ರ್ಯಾಕ್ಟರಿಗೆ ಹೊಸ ಜೋಡಿ. ಟ್ರೇಲರಿಗೆ ಯಾವುದೋ ಲಾರಿಯಿಂದ ಬಿಚ್ಚಿದ ಹಳೆಯ ಟೈರು! "ಅದಕ್ಕೇನು, ಹಿಂದೆ ಬತ್ತದೆ" ಎಂಬುದು ಸಮಾಧಾನ. ಎಳೆಯುವವನಿಗೆ ಹೊಸತು, ಹೊರುವವನಿಗೆ ಹಳತು. ಅಪಾಯವು ಹೊಂಚುಹಾಕಿರುವುದು ಈ ಉಳಿತಾಯದಲ್ಲಿಯೇ. ಕಬ್ಬಿನ ಟನ್ನುಗಟ್ಟಲೆ ಭಾರ ಕುಳಿತಿರುವುದು ಟ್ರೇಲರಿನ ಗಾಲಿಗಳ ಮೇಲೆ. ಅಂಥ ಬಹುಪಾಲು ಟ್ರೇಲರುಗಳಿಗೆ ತಮ್ಮದೇ ಆದ ಬ್ರೇಕಿಲ್ಲ. ಇಳಿಜಾರಿನಲ್ಲಿ ಚಾಲಕ ಬ್ರೇಕು ತುಳಿದಾಗ ಟ್ರ್ಯಾಕ್ಟರು ನಿಲ್ಲಲು ಹವಣಿಸುತ್ತದೆ, ಹಿಂದಿನ ಭಾರ ಅದನ್ನು ಮುಂದಕ್ಕೆ ನೂಕುತ್ತದೆ. ಆ ಗಳಿಗೆಯಲ್ಲಿ ಟ್ರೇಲರಿನ ಹಳೆಯ ಟೈರೊಂದು ಸಿಡಿದರೆ ಹೇರು ಒಂದು ಮಗ್ಗುಲಿಗೆ ಉರುಳಿ, ಜೊತೆಗೆ ಟ್ರ್ಯಾಕ್ಟರನ್ನೂ ಎಳೆದುಕೊಂಡು ಹೋಗಬಹುದು.

ಆ ಸೀಮೆಯಲ್ಲಿ ಅನೇಕ ದಾರಿಗಳು ನಾಲೆಯ ಮಗ್ಗುಲಲ್ಲೇ ಸಾಗುತ್ತವೆ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಪ್ರಾಣ ಕಳೆದುಕೊಂಡರು. ಶಾಲೆಯಿಂದ ಮರಳುತ್ತಿದ್ದ ಮಕ್ಕಳೂ ಅವರಲ್ಲಿದ್ದರು. ಅಂಥ ದಾರಿಯಲ್ಲಿ ಹೇರು ಹೊತ್ತು ಹೊರಟವನ ಗಾಲಿ ಅವನೊಬ್ಬನ ಸ್ವಂತ ವಿಷಯವಾಗಿ ಉಳಿಯುವುದಿಲ್ಲ.

ಸವೆದ ಟೈರಿಗೆ ಹೊಸ ರಬ್ಬರಿನ ಪಟ್ಟಿ ಕೂರಿಸುವ ರೀಟ್ರೆಡಿಂಗ್ ಪದ್ಧತಿಯೂ ಇದೆ. ಒಳಗಿನ ನೂಲಿನ ಹೆಣಿಗೆ ಗಟ್ಟಿಯಾಗಿದ್ದರೆ ಅದು ತಪ್ಪೇನಲ್ಲ, ಬಡವನಿಗೆ ಉಪಕಾರವೇ. ಪಕ್ಕೆ ಬಿರಿದ ಟೈರಿಗೆ ಮಾತ್ರ ಹೊಸ ಮೈ ಕೊಡಿಸುವುದು ಹುಳು ತಿಂದ ತೊಲೆಗೆ ಸುಣ್ಣ ಬಳಿದಂತೆ.

ಪಿಕಪ್ ವಾಹನದಲ್ಲಿ ಎಳನೀರು, ತರಕಾರಿ ಸಾಗಿಸುವವರಿಗೂ ಇದೇ ಮಾತು ಸಲ್ಲುತ್ತದೆ. ಅದರ ಟೈರಿನ ಅಳತೆಯ ಪಕ್ಕದಲ್ಲಿ ಭಾರದ ಅಂಕಿಯೊಂದಿರುತ್ತದೆ. 100 ಎಂದರೆ ಒಂದು ಟೈರು 800 ಕಿಲೋ, 108 ಎಂದರೆ 1000 ಕಿಲೋ ಹೊರಬಲ್ಲುದೆಂದು ಅರ್ಥ. ಅಳತೆ ಒಂದೇ ಎಂದು ಕಾರಿನ ಟೈರನ್ನು ಅದಕ್ಕೆ ತೊಡಿಸುವವನು ಐನೂರು ರೂಪಾಯಿ ಉಳಿಸಲು ಹೋಗಿ ಐದು ಜನರನ್ನು ಪಣಕ್ಕಿಡುತ್ತಾನೆ.

ಗಾಳಿ ತುಂಬಿದ ಟೈರಿಗೆ 1888ರಲ್ಲಿ ಪೇಟೆಂಟು ಪಡೆದ ಡನ್ಲಪ್ ಎಂಬಾತ ಬೆಲ್‌ಫಾಸ್ಟಿನಲ್ಲಿದ್ದ ಪಶುವೈದ್ಯ. ಮಗನ ಮೂರು ಗಾಲಿಯ ಸೈಕಲ್ಲಿಗೆಂದು ಅದನ್ನು ಮಾಡಿದನು. ಆ ದನದ ವೈದ್ಯನ ಉಪಾಯ ಮುಂದೆ ಟೈರು ಗಾಡಿಯ ರೂಪದಲ್ಲಿ ಮಂಡ್ಯದ ಎತ್ತುಗಳ ಹೆಗಲನ್ನೂ ಹಗುರ ಮಾಡಿತು. ಅದಕ್ಕೂ ಮುಂಚೆ ಗಾಡಿಗೆ ಕಬ್ಬಿಣದ ಹಳಿ, ಕೀಲಿಗೆ ಎಣ್ಣೆ, ಚಕ್ರ ಕಳಚದಂತೆ ಕಡೆಗೀಲು. ಅಂಗೈಯಷ್ಟು ಉದ್ದದ ಆ ಕಡೆಗೀಲಿನ ಮಹತ್ವವನ್ನು ಶತಮಾನಗಳ ಹಿಂದೆಯೇ ಕಂಡವನು ವಚನಕಾರ ದಾಸಿಮಯ್ಯ.

ಇಂದಿನ ಬಂಡಿಯ ಕಡೆಗೀಲು ರಬ್ಬರಿನದು. ಎಂಜಿನ್ನಿನ ಬಲವನ್ನು ಹೊಗಳುವವರು ಬಹಳ. ಆ ಬಲವೆಲ್ಲ ನೆಲಕ್ಕೆ ತಾಗುವುದು ಮೊರದಗಲದ ನಾಲ್ಕಾರು ಕಡೆ ಮಾತ್ರವೆಂದು ನೆನೆಯುವವರು ಕಡಿಮೆ. ಮೈಸೂರಿನ ರಸ್ತೆಯಲ್ಲಿ ಕಬ್ಬಿನ ಹೇರಿನ ಹಿಂದೆ ಕಾರು ನಿಧಾನಿಸಿ ಬೇಸರಪಡುವ ನಗರವಾಸಿಯ ಕ್ಷೇಮವೂ ಆ ಟ್ರೇಲರಿನ ಟೈರಿನಲ್ಲಿಯೇ ಇದೆ. ಮನೆಯಾಗಲಿ, ಬಂಡಿಯಾಗಲಿ, ಮುಂದೆ ನಿಂತು ಎಳೆಯುವವನನ್ನು ಎಲ್ಲರೂ ವಿಚಾರಿಸಿಕೊಳ್ಳುತ್ತಾರೆ. ಹಿಂದೆ ಉಳಿದು ಸದ್ದಿಲ್ಲದೆ ಹೊರುವವನನ್ನು ಮೊದಲು ವಿಚಾರಿಸಿಕೊಂಡವನ ಹೇರು ಕ್ಷೇಮವಾಗಿ ಊರು ಸೇರುತ್ತದೆ.